ನಾವ್ಯಾಕೆ ರಸೀದಿ ತೋರಿಸಬೇಕು?

ನಮ್ಮ ಕ್ರೈಸ್ತರಲ್ಲಿ ಒಂದು ಅಭ್ಯಾಸವಿದೆ. ಯಾರಾದರೂ "ನಿಮ್ಮದು ಹೊರಗಿನ ಧರ್ಮ" ಅಂದ ಕೂಡಲೇ ಕಿಟೆಲ್ ಅವರನ್ನು ಮುಂದೆ ತಂದು ನಿಲ್ಲಿಸುತ್ತೇವೆ. ಆ ಮಿಷನರಿಯ 1894ರ ಕನ್ನಡ-ಇಂಗ್ಲಿಷ್ ನಿಘಂಟು, 1843ರಲ್ಲಿ ಮೋಗ್ಲಿಂಗ್ ಶುರು ಮಾಡಿದ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ', ಇಬ್ಬರನ್ನೂ ಇಲ್ಲಿಗೆ ಕಳಿಸಿದ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ, ಶಾಲೆ, ಆಸ್ಪತ್ರೆ. ಪಟ್ಟಿ ಬಾಯಿಪಾಠ.

ಇದೆಲ್ಲ ನಿಜ. ಹೆಮ್ಮೆಯೂ ಇದೆ. ಆದರೆ ನಾವು ಅದನ್ನು ಹೇಳುವ ದನಿ ಹೇಗಿರುತ್ತದೆ ಗೊತ್ತಾ? ಬಾಡಿಗೆ ಕಟ್ಟಿದ ರಸೀದಿ ತೋರಿಸುವವರ ಹಾಗೆ. ಕಿಟೆಲ್ ಜರ್ಮನಿಯಿಂದ ಬಂದವರು. ನಮ್ಮಜ್ಜಿ ಬೆಟಗೇರಿಯವರು. ಅವರು ನಿಘಂಟು ಬಿಡಿಸಿ ನೋಡಿದವರಲ್ಲ, ಬೈಬಲಿನ ದಾವೀದನ ಕೀರ್ತನೆ ಹೇಳಿಕೊಂಡು ರೊಟ್ಟಿ ಬಡಿಯುತ್ತಿದ್ದವರು. ನನ್ನ ನಂಬಿಕೆ ಬಂದದ್ದು ಅವರಿಂದ. ಸಂವಿಧಾನದ 25ನೇ ವಿಧಿ ಕೂಡ ಧರ್ಮ ಪಾಲಿಸಲು ಸಮಾಜಸೇವೆ ಮಾಡಿರಬೇಕು ಅಂತ ಎಲ್ಲೂ ಹೇಳಿಲ್ಲ.

ಅಂಜಿಕೆಗೆ ಕಾರಣಗಳೇ ಇಲ್ಲ ಅನ್ನುತ್ತಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿ ಯಾರೂ ಮರೆತಿಲ್ಲ. ಇನ್ನು ದಲಿತ ಕ್ರೈಸ್ತರ ಕಷ್ಟವೇ ಬೇರೆ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿಯ ಸ್ಥಾನಮಾನ ಹೆಚ್ಚುಕಡಿಮೆ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದವರಿಗೆ ಇವತ್ತಿಗೂ ಇಲ್ಲ. ಮಗಳ ಕಾಲೇಜು ಸೀಟಿಗಾಗಿ ಕಾಗದದಲ್ಲಿ ಒಂದು, ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡವರಿಗೆ "ಧೈರ್ಯ ಸಾಲದು" ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ನನ್ನ ಮಾತು, ನಂಬಿಕೆ ಹೇಳಿಕೊಂಡರೆ ಕಳೆದುಕೊಳ್ಳುವಂಥದ್ದು ಏನೂ ಇಲ್ಲದ ನಮ್ಮಂಥವರಿಗೆ. ಒಳ್ಳೆ ಕೆಲಸ, ಸ್ವಂತ ಮನೆ, ಆದರೂ ಕ್ಯಾಂಟೀನಿನಲ್ಲಿ ಊಟಕ್ಕೆ ಮೊದಲು ಕಣ್ಣು ಮುಚ್ಚಲು ಆ ಕಡೆ ಈ ಕಡೆ ನೋಡುವವರಿಗೆ.

ಧೈರ್ಯ ಅಂದರೆ ಮೈಕು ಅಂತ ತಿಳಿದವರೂ ನಮ್ಮಲ್ಲಿದ್ದಾರೆ. ಬೇರೆಯವರ ದೇವರನ್ನು ಹಳಿಯುವುದು, ವಾಟ್ಸಾಪಿನಲ್ಲಿ ಕೆಣಕುವುದು. ಅದೂ ಅಂಜಿಕೆಯೇ, ಸದ್ದು ಜಾಸ್ತಿ ಅಷ್ಟೇ.

ಯೇಸುವಿನ ಶಿಷ್ಯ ಪೇತ್ರನನ್ನೇ ನೋಡಿ. ಯೇಸುವನ್ನು ಹಿಡಿದ ರಾತ್ರಿ, ಮಹಾಯಾಜಕನ ಅಂಗಳದಲ್ಲಿ ಒಬ್ಬ ದಾಸಿ ಕೇಳಿದ್ದಕ್ಕೇ "ಆತನನ್ನು ನಾನರಿಯೆ" ಅಂದವನು. ಅದಕ್ಕೂ ಸ್ವಲ್ಪ ಮುಂಚೆ ಇದೇ ಮನುಷ್ಯ ಕತ್ತಿ ಬೀಸಿ ಒಬ್ಬನ ಕಿವಿ ಕತ್ತರಿಸಿದ್ದ! ಕತ್ತಿಯೂ ಹೆದರಿಕೆಯೂ ಒಂದೇ ರಾತ್ರಿ, ಒಂದೇ ಎದೆಯಲ್ಲಿ. ಆಮೇಲೆ ಯೆಹೂದ್ಯರ ಹಿರೀಸಭೆಯ ವಿಚಾರಣೆಯ ಮುಂದೆ ನಿಂತಾಗ ಕೈಯಲ್ಲಿ ಏನೂ ಇರಲಿಲ್ಲ. ಕಂಡದ್ದು ಕೇಳಿದ್ದು ಹೇಳದೆ ಇರಲಾರೆವು ಅಂದ, ಅಷ್ಟೇ. ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕವಾಗಿ ಕೊಡಿ ಅಂತ ಬೈಬಲಿನಲ್ಲಿ ಅವನ ಹೆಸರಿನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿದೆ.

ಆ ಉತ್ತರ ಕೊಡೋಕೆ ದೊಡ್ಡ ವೇದಿಕೆ ಬೇಡ. ಪ್ರತಿ ವರ್ಷ ಆಫೀಸಿನ ಗ್ರೂಪಿನಲ್ಲಿ ಯಾರಾದರೂ ಪ್ರೀತಿಯಿಂದ "ಹ್ಯಾಪಿ ಗುಡ್ ಫ್ರೈಡೇ" ಅಂತ ಹಾಕುತ್ತಾರೆ, ಅಲ್ವಾ? ನಾವು ಒಂದು ಥ್ಯಾಂಕ್ಯೂ ಹಾಕಿ ಸುಮ್ಮನಾಗುತ್ತೇವೆ. ಈ ಸಲ ನಾನು ಬರೆದೆ: "ಇವತ್ತು ಯೇಸುಸ್ವಾಮಿ ಪ್ರಾಣ ಬಿಟ್ಟ ದಿನ, ಉಪವಾಸ ಇದ್ದೇನೆ. ಹ್ಯಾಪಿ ಅನ್ನೋದನ್ನು ಭಾನುವಾರ ಹೇಳಿ." ಯಾರೂ ಮುನಿಸಿಕೊಳ್ಳಲಿಲ್ಲ. ಇಬ್ಬರು ಏನು ಎತ್ತ ಅಂತ ಕೂತು ಕೇಳಿದರು. ಈಸ್ಟರ್ ಭಾನುವಾರ ಬೆಳಗ್ಗೆ ಆರಾಧನೆ ಮುಗಿಯೋದರೊಳಗೆ ಶುಭಾಶಯ ಬಂದಿತ್ತು. ಜೊತೆಗೆ, ಬಿರಿಯಾನಿ ಎಷ್ಟು ಗಂಟೆಗೆ ಅಂತ ಒಂದು ಪ್ರಶ್ನೆ.