ಪಾರ್ಟಿ ಏನಂತಾರೆ ಅಂದ್ರೆ...

ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲೇ ಇತ್ತು: 'ಮಾಲೀಕರಿಂದ ನೇರ ಮಾರಾಟ. ಬ್ರೋಕರ್‌ಗಳು ದಯವಿಟ್ಟು ಫೋನ್ ಮಾಡಬೇಡಿ.' ಖುಷಿಯಿಂದ ನಂಬರ್ ಒತ್ತಿದೆ. ಎತ್ತಿದವರು ಬ್ರೋಕರ್.

"ಬ್ರೋಕರ್ ಬೇಡ ಅಂತ ಹಾಕಿದೀರಲ್ಲ?" ಅಂದೆ.

"ಹೌದು ಸಾರ್, ಓನರ್‌ಗೆ ಬ್ರೋಕರ್‌ಗಳನ್ನ ಕಂಡ್ರೆ ಆಗಲ್ಲ. ಅದಕ್ಕೇ ಎಲ್ಲಾ ನನಗೇ ವಹಿಸಿದಾರೆ."

ಈ ಮಾತಿನಲ್ಲಿ ಎಡವಟ್ಟು ಎಲ್ಲಿದೆ ಅಂತ ನಾನು ಹುಡುಕುವಷ್ಟರಲ್ಲಿ ಅವರು ನನ್ನ ಹೆಸರು, ಕೆಲಸ, ಬಜೆಟ್ಟು, ಬ್ಯಾಂಕ್ ಸಾಲ ಯಾವ ಹಂತದಲ್ಲಿದೆ ಎಲ್ಲವನ್ನೂ ಕೇಳಿ ತಿಳಿದುಕೊಂಡಾಗಿತ್ತು. ಮನೆ ಬಗ್ಗೆ ನನಗೆ ಗೊತ್ತಾಗಿದ್ದು ಒಂದೇ. 'ಸೂಪರ್ ಆಗಿದೆ.'

ಮನೆ ಹುಡುಕಿದವರಿಗೆಲ್ಲ 'ಇನ್ನೊಂದು ಪಾರ್ಟಿ' ಗೊತ್ತೇ ಇರುತ್ತದೆ, ಅಲ್ವಾ? ನಾವು ಯಾವ ಮನೆಗೆ ಹೋದರೂ ಆ ಮನುಷ್ಯ ಅರ್ಧ ಗಂಟೆ ಮುಂಚೆ ಬಂದು ನೋಡಿ, ತುಂಬಾ ಮೆಚ್ಚಿ, ಹೆಂಡತಿಯನ್ನು ಕರೆದುಕೊಂಡು ಬರೋಕೆ ಹೋಗಿರುತ್ತಾನೆ. ಸಂಜೆಯೊಳಗೆ ಅಡ್ವಾನ್ಸ್ ಕೊಟ್ಟುಬಿಡುತ್ತಾನಂತೆ. ಇಷ್ಟೊಂದು ಮನೆ ಮೆಚ್ಚಿದವನು ಇನ್ನೂ ಯಾಕೆ ಒಂದನ್ನೂ ಕೊಂಡಿಲ್ಲ? ಅಷ್ಟು ಹೊತ್ತು ಆ ಹೆಂಡತಿ ಎಲ್ಲಿರುತ್ತಾಳೆ? ಸಿಕ್ಕರೆ ಒಮ್ಮೆ ಕೇಳಬೇಕು.

ಇರಲಿ. ಅದೆಲ್ಲ ಸಹಿಸಿಕೊಳ್ಳಬಹುದು. ಮೊನ್ನೆ ಮಾತುಕತೆಗೆ ಕೂತಾಗ ಆಗಿದ್ದನ್ನು ಮಾತ್ರ ಹೇಳಿಕೊಳ್ಳದೆ ಸಮಾಧಾನ ಇಲ್ಲ.

ಮೂರು ಜನ ಕೂರುವ ಸೋಫಾ. ಆ ಕಡೆ ಮಾಲೀಕರು, ಈ ಕಡೆ ನಾನು, ನಡುವೆ ಬ್ರೋಕರ್. ನಾನು ಬಗ್ಗಿ ಮಾಲೀಕರ ಮುಖ ನೋಡಿಯೇ ಹೇಳಿದೆ: "ಬೆಲೆ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ ಸರ್." ಅವರಿಗೆ ಕೇಳಿಸಿತು. ಉತ್ತರ ಕೊಡೋಕೆ ಬಾಯನ್ನೂ ತೆರೆದರು. ಬ್ರೋಕರ್ ಕೈ ಅಡ್ಡ ಹಿಡಿದು, ಅವರತ್ತ ತಿರುಗಿ, "ಸಾರ್, ಪಾರ್ಟಿ ಏನಂತಾರೆ ಅಂದ್ರೆ, ಸ್ವಲ್ಪ ಕಡಿಮೆ ಮಾಡ್ಕೋಬೇಕಂತೆ" ಅಂದರು.

"ಆಗಲ್ಲ" ಅಂದರು ಮಾಲೀಕರು.

ಬ್ರೋಕರ್ ನನ್ನತ್ತ ತಿರುಗಿ, ದನಿ ತಗ್ಗಿಸಿ, "ಓನರ್ ಆಗಲ್ಲ ಅಂತಿದಾರೆ" ಅಂದರು.

ಮೂವರದೂ ಕನ್ನಡವೇ. ಯಾರಿಗೂ ಕಿವಿ ಮಂದ ಇಲ್ಲ. ಆದರೂ ಇಡೀ ವ್ಯವಹಾರ ಹೀಗೇ ನಡೆಯಿತು. ನೀರಿನ ವ್ಯವಸ್ಥೆ ಹೇಗೆ ಅಂತ ಕೇಳಿದೆ. "ಪಾರ್ಟಿ ನೀರು ಕೇಳ್ತಿದಾರೆ" ಅಂತ ಇವರು ಆ ಕಡೆ ದಾಟಿಸಿದರು. ಒಳಗಿಂದ ಮಾಲೀಕರ ಹೆಂಡತಿ ಒಂದು ಲೋಟ ನೀರು ತಂದುಕೊಟ್ಟರು. ಕುಡಿದೆ. ಇನ್ನೇನು ಮಾಡೋದು?

ಆಮೇಲೆ ಬ್ರೋಕರ್ ಮಾಲೀಕರನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಏನೋ ಪಿಸುಗುಟ್ಟಿದರು. ಅವರನ್ನು ತಂದು ಕೂರಿಸಿ, ನನ್ನನ್ನು ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋದರು. "ನಿಮಗೋಸ್ಕರ ಓನರ್ ಹತ್ರ ಜಗಳಾನೇ ಆಡಿಬಿಟ್ಟೆ ಸಾರ್." ಬಾಲ್ಕನಿಯಲ್ಲಿ ನನ್ನ ಹೆಸರಲ್ಲೂ ಒಂದು ಜಗಳ ಆಗಿರಲೇಬೇಕು. ಎರಡೂ ಕಡೆ ಕಮಿಷನ್ ತಗೊಂಡ ಮೇಲೆ ಎರಡೂ ಕಡೆ ಜಗಳ ಆಡುವುದೇ ನ್ಯಾಯ.

ಕಮಿಷನ್ ಅಂದಾಗ ನೆನಪಾಯಿತು. 1792ರ ಮೇ 17ರಂದು ನ್ಯೂಯಾರ್ಕ್‌ನ ವಾಲ್ ಸ್ಟ್ರೀಟ್‌ನಲ್ಲಿ 24 ಬ್ರೋಕರ್‌ಗಳು ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ನ್ಯೂಯಾರ್ಕ್ ಷೇರುಪೇಟೆಯ ಬೇರು ಅದೇ. ಮರದ ಕೆಳಗೆ ಕೂತು ಮಾಡಿದ್ದು ಅಂತ ಹೇಳುತ್ತಾರೆ. ಪುಟ್ಟ ಒಪ್ಪಂದ, ಎರಡೇ ಮಾತು. ಕಾಲು ಪರ್ಸೆಂಟಿಗಿಂತ ಕಡಿಮೆ ಕಮಿಷನ್‌ಗೆ ಯಾರೂ ಕೆಲಸ ಮಾಡಬಾರದು, ವ್ಯವಹಾರದಲ್ಲಿ ತಮ್ಮತಮ್ಮವರಿಗೇ ಮೊದಲ ಮಣೆ. ಗಿರಾಕಿಯ ಸುದ್ದಿಯೇ ಇಲ್ಲ! ಕೊಳ್ಳುವವರು, ಮಾರುವವರು ಬಹುಶಃ ಮರದಿಂದ ಸ್ವಲ್ಪ ದೂರ ನಿಂತು 'ಏನಂತೆ?' ಅಂತ ಕೇಳುತ್ತಿದ್ದರು.

ಇನ್ನು ಈ ಅವಸರ. 'ಇವತ್ತೇ ಫೈನಲ್ ಮಾಡಿ ಸಾರ್' ಅನ್ನುವುದಕ್ಕೂ ಲೆಕ್ಕ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಶಿಕಾಗೊ ಸುತ್ತಮುತ್ತಲಿನ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಜಾಲಾಡಿ 2008ರಲ್ಲಿ ಬರೆದರು. ಏಜೆಂಟರು ತಮ್ಮದೇ ಮನೆ ಮಾರುವಾಗ, ಗಿರಾಕಿಯ ಮನೆಗಿಂತ ಸುಮಾರು ಒಂಬತ್ತೂವರೆ ದಿನ ಜಾಸ್ತಿ ಕಾಯುತ್ತಾರಂತೆ. ಬೆಲೆಯೂ ಸುಮಾರು 3.7 ಪರ್ಸೆಂಟ್ ಜಾಸ್ತಿ ಸಿಗುತ್ತದಂತೆ. ಕಾರಣ ಸುಲಭ. ಗಿರಾಕಿಯ ಮನೆಗೆ ಇನ್ನೂ ನೂರು ರೂಪಾಯಿ ಜಾಸ್ತಿ ಬಂದರೆ ಏಜೆಂಟನ ಜೇಬಿಗೆ ಬರುವುದು ಒಂದೆರಡು ರೂಪಾಯಿ. ಅದಕ್ಕೋಸ್ಕರ ಯಾರು ಕಾಯುತ್ತಾರೆ? ಹಾಗಾದರೆ ನನ್ನ ಬ್ರೋಕರ್ ಓನರ್‌ನನ್ನೂ ಹೀಗೇ ಅಟ್ಟಿಸಿಕೊಂಡು ಹೋಗುತ್ತಿದ್ದಾರೆ. ಇದರಿಂದ ನನಗೆ ಸ್ವಲ್ಪ ನೆಮ್ಮದಿ ಆಯಿತು ಅಂತ ಹೇಳಿದರೆ ತಪ್ಪು ತಿಳಿಯಬೇಡಿ.

ಅಷ್ಟರಲ್ಲಿ ಬ್ರೋಕರ್‌ಗೆ ಫೋನ್ ಬಂತು. ಇನ್ನೊಂದು ಪಾರ್ಟಿಯೇ ಇರಬೇಕು. ಎದ್ದು ಹೊರಗೆ ಹೋದರು.

ಸೋಫಾದ ನಡುಭಾಗ ಖಾಲಿ. ನಾವಿಬ್ಬರೇ. ಈಗ ಐದು ನಿಮಿಷದಲ್ಲಿ ಎಲ್ಲ ಮುಗಿಸಬಹುದಿತ್ತು. ಇಬ್ಬರೂ ಬೆಲೆಯ ಸುದ್ದಿ ಎತ್ತಲಿಲ್ಲ. ಒಬ್ಬರು ಜೀವಮಾನ ಪೂರ್ತಿ ದುಡಿದು ಕಟ್ಟಿದ ಮನೆಗೆ, ಅವರ ಎದುರೇ ಕೂತು, 'ಇದು ಅಷ್ಟೆಲ್ಲ ಬಾಳಲ್ಲ' ಅನ್ನೋಕೆ ಬಾಯಿ ಬರುವುದಿಲ್ಲ. ಬೆಲೆ ವಿಚಾರಿಸುವುದು, ಚೌಕಾಸಿ ಮಾಡುವುದು, ಇವಕ್ಕೂ ಒಂದು ಖರ್ಚಿದೆ ಅಂತ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲೇ ಬರೆದಿದ್ದರು. ಆ ಪಟ್ಟಿಗೆ ನಾನು ಸಂಕೋಚವನ್ನೂ ಸೇರಿಸುತ್ತೇನೆ.

ಸ್ವಲ್ಪ ಹೊತ್ತಾದ ಮೇಲೆ ಮಾಲೀಕರೇ ಮೆಲ್ಲಗೆ ಹೇಳಿದರು. "ಕೊನೇ ಮೆಟ್ಟಿಲು ಒಂಚೂರು ಎತ್ತರ ಆಗಿದೆ. ಆಗ ದುಡ್ಡು ಸಾಲದೆ ಸರಿ ಮಾಡಿಸೋಕೆ ಆಗ್ಲಿಲ್ಲ. ನಮಗೆ ಅಭ್ಯಾಸ ಆಗಿಹೋಯ್ತು. ನೀವು ರಾತ್ರಿ ಹೊತ್ತು ಹುಷಾರು."

'ಸೂಪರ್ ಆಗಿದೆ' ಅನ್ನುವುದರಲ್ಲಿ ಈ ಮೆಟ್ಟಿಲು ಇರಲಿಲ್ಲ. ಆ ಮನೆ ಬಗ್ಗೆ ನಾನು ಪೂರ್ತಿ ನಂಬಿದ ಮಾತು ಅದೊಂದೇ.

ಬ್ರೋಕರ್ ಒಳಗೆ ಬಂದವರೇ ನಮ್ಮಿಬ್ಬರ ಮುಖವನ್ನೂ ಅನುಮಾನದಿಂದ ನೋಡಿದರು. "ಏನು ಮಾತಾಡ್ಕೊಂಡ್ರಿ?"

"ಏನಿಲ್ಲ, ಮೆಟ್ಟಿಲು" ಅಂದರು ಮಾಲೀಕರು.

ಬ್ರೋಕರ್ ನಡುವೆ ಕೂತು, ನನ್ನತ್ತ ತಿರುಗಿ, "ಓನರ್ ಮೆಟ್ಟಿಲು ಅಂತಿದಾರೆ ಸಾರ್" ಅಂದರು.

ಬೆಲೆ ಹೇಗೋ ಹೊಂದಿತು. ಉಳಿದಿರುವುದು ಅವರ ಕಮಿಷನ್. ಅದನ್ನು ಸ್ವಲ್ಪ ಇಳಿಸಿ ಅಂತ ಕೇಳಬೇಕು. ಮುಖ ನೋಡಿಕೊಂಡು ನಾನೇ ಕೇಳೋಕೆ ಆಗುತ್ತಿಲ್ಲ. ನಡುವೆ ಕೂತು ಮಾತಾಡೋಕೆ ಯಾರಾದರೂ ಗೊತ್ತಿದ್ದರೆ ಹೇಳಿ.