ಪಿಡಿಎಫ್ ಕಳಿಸಿದರೆ ಅದು ಇ-ಇನ್ವಾಯ್ಸ್ ಆಗುತ್ತಾ?

'ಸಣ್ಣ ಅಂಗಡಿ, ಹೋಂಸ್ಟೇ ಎಲ್ಲರಿಗೂ ಇ-ಇನ್ವಾಯ್ಸ್ ಕಡ್ಡಾಯ, ಬಿಲ್ಲಿನ ಪಿಡಿಎಫ್ ವಾಟ್ಸಾಪ್ ಮಾಡಿದರೆ ಸಾಕು' ಅನ್ನೋ ಫಾರ್ವರ್ಡ್ ಕೊಡಗಿನ ಗ್ರೂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಪಿಡಿಎಫ್ ಅಂದರೆ ಬಿಲ್ಲಿನ ಚಿತ್ರ ಅಷ್ಟೇ. ಇ-ಇನ್ವಾಯ್ಸ್ ಆಗಬೇಕಾದರೆ ಬಿಲ್ಲಿನ ವಿವರವೆಲ್ಲ ಕಂಪ್ಯೂಟರ್ ಓದುವ ರೂಪದಲ್ಲಿ ಸರ್ಕಾರದ ಪೋರ್ಟಲ್‌ಗೆ ಹೋಗಿ, ಅಲ್ಲಿಂದ 64 ಅಕ್ಷರದ ಐಆರ್‌ಎನ್ (ಆ ಬಿಲ್ಲಿನ ನೋಂದಣಿ ಸಂಖ್ಯೆ) ಮತ್ತು ಕ್ಯೂಆರ್ ಕೋಡ್ ವಾಪಸ್ ಬರಬೇಕು. ಆಮೇಲೆ ಬೇಕಿದ್ದರೆ ಪ್ರಿಂಟ್ ಹಾಕಿ ಕೊಡಿ, ಯಾರೂ ಬೇಡ ಅನ್ನುವುದಿಲ್ಲ.

ಇನ್ನು ಕಡ್ಡಾಯ ಯಾರಿಗೆ? 2017-18ರಿಂದ ಈಚೆಗೆ ಯಾವುದಾದರೂ ವರ್ಷ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ, 2023ರ ಆಗಸ್ಟ್ 1ರಿಂದ. ಅವರಿಗೂ ಜಿಎಸ್‌ಟಿ ನಂಬರ್ ಇರುವವರಿಗೆ ಮಾರಿದಾಗ ಅಥವಾ ರಫ್ತು ಮಾಡಿದಾಗ ಮಾತ್ರ. ಮಡಿಕೇರಿಗೆ ಬಂದ ಟೂರಿಸ್ಟ್ ಮನೆಗೆಂದು ಅರ್ಧ ಕೆಜಿ ಕಾಳುಮೆಣಸು ಕೊಂಡರೆ ಮಾಮೂಲಿ ಬಿಲ್ ಸಾಕು.

ಸರ್ಕಾರಿ ಇಲಾಖೆಗೆ ಸಾಮಾನು ಕೊಡುವ ದೊಡ್ಡ ವ್ಯಾಪಾರಿಗಳು ಮಾತ್ರ ಇದನ್ನು ಗಮನಿಸಿ: ಇಲಾಖೆ ಸುಮ್ನೆ ಟಿಡಿಎಸ್ ಕಡಿತಕ್ಕೆಂದು (ಹಣ ಕೊಡುವಾಗಲೇ ತೆರಿಗೆ ಹಿಡಿದುಕೊಳ್ಳಲು) ಜಿಎಸ್‌ಟಿ ನೋಂದಣಿ ಮಾಡಿಸಿದ್ದರೂ ಇ-ಇನ್ವಾಯ್ಸ್ ಬೇಕು ಅಂತ 2023ರ ಜುಲೈನಲ್ಲಿ ಕೇಂದ್ರದ ಸುತ್ತೋಲೆ ಬಂದಿದೆ.

ಸರ್ಕಾರಕ್ಕೆ ಬಿಲ್ ಕೊಡುವ ಎಲ್ಲರಿಗೂ ಕಡ್ಡಾಯ ಮಾಡಿದ ದೇಶ ಬೇರೆ ಇದೆ. ಅದು ಯುರೋಪಿನ ಎಸ್ಟೋನಿಯಾ, ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲು ಭಾಗದಷ್ಟೂ ಇಲ್ಲ. ಅಲ್ಲಿ 2019ರ ಜುಲೈನಿಂದಲೇ ಈ ನಿಯಮ ಇದೆ.