ಅಲ್ಲೇ ಸಿಗುತ್ತೆ ಬಿಡು

ನಾಳೆ ಬೆಳಿಗ್ಗೆ ಹೊರಡಬೇಕಾಗಿರುವ ಚಾರಣಕ್ಕೆಂದು ನಾನು ಮಾಡಿಕೊಂಡಿರುವ ಪಟ್ಟಿಯಲ್ಲಿ 41 ಸಾಮಾನುಗಳಿವೆ. ಅದೇ ಚಾರಣಕ್ಕೆ ಬರುತ್ತಿರುವ ನನ್ನ ಭಾವ, ಎಂದರೆ ಅಕ್ಕನ ಗಂಡ, ಮಾಡಿಕೊಂಡಿರುವ ಪಟ್ಟಿಯಲ್ಲಿ ಮೂರೇ ಪದಗಳಿವೆ: "ಅಲ್ಲೇ ಸಿಗುತ್ತೆ ಬಿಡು." ಮೊನ್ನೆ ರಾತ್ರಿ ಒಂದು ಗಂಟೆಯ ಫೋನ್ ಮಾತುಕತೆ ಮುಗಿಯುವಷ್ಟರಲ್ಲಿ ಈ ಮಾತನ್ನು ಒಂಬತ್ತು ಸಲ ಕೇಳಿದ್ದೆ. ಸುಮ್ಮನೆ ಹೇಳುತ್ತಿಲ್ಲ, ಪಟ್ಟಿಯ ಅಂಚಿನಲ್ಲಿ ಗೀಟು ಹಾಕಿ ಎಣಿಸಿದ್ದೇನೆ.

ಈ "ಅಲ್ಲಿ" ಎಂಬುದು ಎಂಥ ಜಾಗವೆಂದು ಸ್ವಲ್ಪ ಹೇಳಬೇಕು. ವಾಹನ ಹೋಗುವ ದಾರಿ ಮುಗಿದ ಮೇಲೆ 9 ಕಿಲೋಮೀಟರ್ ಕಾಲುದಾರಿ, ಅದರಲ್ಲಿ 1200 ಮೀಟರ್ ಏರು. ಏರಿದ ಮೇಲೆ, 2400 ಮೀಟರ್ ಎತ್ತರದಲ್ಲಿ, ಉದಾರ ಮನಸ್ಸಿನವರು ಮಾತ್ರ ಸಮತಟ್ಟು ಎಂದು ಕರೆಯಬಹುದಾದ ನಾಲ್ಕಾರು ತುಂಡು ನೆಲ ಮತ್ತು ಕೂಗಳತೆಯಲ್ಲಿ ಒಂದು ತೊರೆ. ಸೂರಿಲ್ಲ, ದೀಪವಿಲ್ಲ, ಅಂಗಡಿಯಂತೂ ಇಲ್ಲವೇ ಇಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಟ್ಟಿದವರಿಗೆ ನಮ್ಮ ಭಾವನ ಪರಿಚಯವಿರಲಿಲ್ಲ. ಇವರಿಗೆ ಬೆಟ್ಟದ ಬುಡದಲ್ಲಿ ನಿಂತರೂ ಅದು ನುಣ್ಣಗೇ ಇರುತ್ತದೆ.

ಎಷ್ಟು ಹೊತ್ತಿಗೆ ಹೊರಡಬೇಕು ಎಂಬಲ್ಲಿಂದಲೇ ಜಗಳ ಶುರುವಾಯಿತು. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ ಲೆಕ್ಕವೊಂದಿದೆ: ಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. ಅದರ ಪ್ರಕಾರ ನಮಗೆ ಬೇಕಾಗುವುದು 3 ಗಂಟೆ 48 ನಿಮಿಷ. ಇದನ್ನು ವಿವರಿಸಿದಾಗ ಭಾವ, "ಹಾಗಾದ್ರೆ ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆದೇ ಹೊರಡಬಹುದಲ್ಲ" ಎಂದರು. ನೈಸ್ಮಿತ್ ಹೇಳಿದ್ದು ನಿಲ್ಲದೆ ನಡೆಯುವವರ ಲೆಕ್ಕ. ಹತ್ತು ಹೆಜ್ಜೆಗೊಮ್ಮೆ ನಿಂತು ಎದುರಿನ ಮರದ ಫೋಟೋ ತೆಗೆಯುವವರನ್ನೂ, ಏದುಸಿರನ್ನು ಮುಚ್ಚಿಕೊಳ್ಳಲು ಬಿಗಿಯಾಗಿಯೇ ಇರುವ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟುವವರನ್ನೂ ಆ ಮಹಾನುಭಾವ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನೀರಿನ ವಿಷಯ ಎತ್ತಿದೆ. ತೊರೆ ಇದೆಯಲ್ಲ, ಅಲ್ಲೇ ಸಿಗುತ್ತೆ ಎಂದರು. ನಿಜವೇ. ಆದರೆ ಆ ನೀರನ್ನು ಹಾಗೇ ಕುಡಿಯುವಂತಿಲ್ಲ, ಕುದಿಸಬೇಕು. 2000 ಮೀಟರಿಗಿಂತ ಮೇಲೆ ಮೂರು ನಿಮಿಷ ಕೊತಕೊತ ಕುದಿಸಬೇಕು, ಏಕೆಂದರೆ ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಸುಮಾರು 92 ಡಿಗ್ರಿಗೇ ಕುದಿಯತೊಡಗುತ್ತದೆ, ಹಾಗಾಗಿ ಅಡುಗೆ ಬೇಯುವುದೂ ತಡ, ಗ್ಯಾಸ್ ಹೆಚ್ಚು ಬೇಕು ಎಂದು ನಾನು ಉಸಿರು ಬಿಗಿಹಿಡಿದು ವಿವರಿಸಿದೆ. "ಬೇಗ ಕುದ್ರೆ ಒಳ್ಳೇದೇ ಅಲ್ವೇನೋ?" ಎಂದು ಅತ್ತ ಕಡೆಯಿಂದ ಉತ್ತರ ಬಂತು. ಒಂದು ಗೀಟು ಹಾಕಿದೆ.

ಚಳಿಯ ಬಗ್ಗೆಯೂ ಅವರಿಗೆ ಚಿಂತೆಯಿಲ್ಲ. ಯಾರಿಂದಲೋ ತಂದ ಸ್ಲೀಪಿಂಗ್ ಬ್ಯಾಗಿನ ಮೇಲೆ ಮೈನಸ್ 10 ಎಂದು ಬರೆದಿದೆಯಂತೆ. ಯಾವ ಪದದ ಪಕ್ಕದಲ್ಲಿ ಬರೆದಿದೆ ಓದಿ ಎಂದೆ. "ಎಕ್ಸ್‌ಟ್ರೀಮ್" ಎಂದು ಹೆಮ್ಮೆಯಿಂದ ಓದಿದರು. ಆ ಚೀಟಿಯಲ್ಲಿ ಹಾಯಾಗಿ ನಿದ್ದೆ ಬರುವ ಅಳತೆಗೆ ಕಂಫರ್ಟ್ ಎಂಬ ಬೇರೆ ಅಂಕಿಯಿರುತ್ತದೆ. ಎಕ್ಸ್‌ಟ್ರೀಮ್ ಎಂದರೆ ನಿದ್ದೆಯ ಅಳತೆಯಲ್ಲ, ಬೆಳಗಾಗುವವರೆಗೆ ಜೀವ ಹಿಡಿದುಕೊಂಡಿರಬಹುದೇ ಎಂಬುದರ ಅಳತೆ. ಮೈಯ ಭಾರಕ್ಕೆ ಬ್ಯಾಗಿನ ಅಡಿಭಾಗ ಚಪ್ಪಟೆಯಾಗಿ ನೆಲದ ಥಂಡಿ ನೇರವಾಗಿ ಬೆನ್ನಿಗೆ ತಾಕುವುದರಿಂದ ಕೆಳಗೊಂದು ಚಾಪೆಯೂ ಬೇಕು. ಅದಕ್ಕೆ ಏನೆಂದರು ಎಂದು ಮತ್ತೆ ಬರೆಯಬೇಕಾಗಿಲ್ಲ.

ಶೌಚದ ವಿಷಯದಲ್ಲಿ ಮಾತ್ರ ಭಾವ ಅರ್ಧ ಸರಿ. ಜಾಗ ಅಲ್ಲೇ ಸಿಗುತ್ತದೆ; ಆದರೆ ತೊರೆಯಿಂದಲೂ ದಾರಿಯಿಂದಲೂ ಗುಡಾರದಿಂದಲೂ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿಯನ್ನು ನಾವೇ ತೋಡಿ, ನಾವೇ ಮುಚ್ಚಬೇಕು. ಪಟ್ಟಿಯ 27ನೆಯ ಸಾಮಾನು ಪುಟ್ಟ ಸಲಿಕೆ.

ಇಷ್ಟಾದರೂ ನಾನು ತಾಳ್ಮೆಗೆಟ್ಟಿರಲಿಲ್ಲ. ಕತ್ತಲಲ್ಲಿ ತಡಕಾಡುವುದು ಬೇಡ, ಗುಡಾರ ಹೊಡೆಯುವುದನ್ನು ಮನೆಯಲ್ಲೇ ಒಮ್ಮೆ ಮಾಡಿ ನೋಡೋಣವೆಂದು ನಿನ್ನೆ ಸಂಜೆ ಅವರನ್ನು ಕರೆಸಿಕೊಂಡೆ. ಗುಡಾರದ ಕೋಲುಗಳು ತುಂಡು ತುಂಡಾಗಿದ್ದು ಒಳಗೆ ಎಲಾಸ್ಟಿಕ್ ದಾರ ಪೋಣಿಸಿರುತ್ತದೆ. ಒಂದು ತುದಿ ಹಿಡಿದು ಬಿಟ್ಟರೆ ಉಳಿದ ತುಂಡುಗಳು ತಾವಾಗಿಯೇ ಚಟಚಟನೆ ಸೇರಿಕೊಳ್ಳುತ್ತವೆ. ಇದನ್ನು ನಾನು ಹೇಳುವ ಮೊದಲೇ ಭಾವ ಒಂದು ತುದಿ ಹಿಡಿದು ಗಾಳಿಯಲ್ಲಿ ಬೀಸಿದರು. ಗೋಡೆಯ ಗಡಿಯಾರ ಏಳು ಗಂಟೆ ಹತ್ತು ನಿಮಿಷಕ್ಕೆ ಕೆಳಗಿಳಿಯಿತು.

ಗುಡಾರವೇನೋ ಎದ್ದು ನಿಂತಿತು. ಸೋಫಾವನ್ನು ಅಡುಗೆಮನೆಯ ಬಾಗಿಲಿಗೆ ತಳ್ಳಿದ್ದರಿಂದ ಅಡುಗೆಮನೆಗೆ ಹೋಗುವ ಹಾಗಿರಲಿಲ್ಲ, ಅಷ್ಟೇ. ಭಾವ ಒಳಗೆ ಹೊಕ್ಕು, ಕಾಲು ಚಾಚಿ, "ಭೇಷ್" ಎಂದು ಜಿಪ್ಪನ್ನು ಸರ್ರನೆ ಎಳೆದುಕೊಂಡರು. ಬಾಗಿಲಿನ ಪಕ್ಕದ ಬಟ್ಟೆ ಜಿಪ್ಪಿನ ಹಲ್ಲಿಗೆ ಸಿಕ್ಕಿಕೊಂಡಿತು. ಮೇಲಕ್ಕೆ ಹೋಗದು, ಕೆಳಕ್ಕೆ ಬಾರದು. ಒಳಗಿನಿಂದ ಅವರು, ಹೊರಗಿನಿಂದ ನಾನು ಎಳೆದಷ್ಟೂ ಅದು ಇನ್ನಷ್ಟು ಬಟ್ಟೆಯನ್ನು ಕಚ್ಚಿಕೊಳ್ಳುತ್ತಿತ್ತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವರ ಫೋನು ಬಡಿದುಕೊಂಡಿತು. ಅಕ್ಕ.

"ನಿಮ್ಮ ಭಾವ ಎಲ್ಲೋ?"

"ಗುಡಾರದೊಳಗಿದ್ದಾರೆ ಅಕ್ಕ. ಹೊರಗೆ ಬರೋಕಾಗ್ತಿಲ್ಲ."

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಾಡಿದ್ದಲ್ವೇನೋ ಹೋಗೋದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನಿಟ್ಟಳು.

ಒಳಗಿನಿಂದ ದನಿ ಬಂತು: "ಏನೂ ಕಾಣ್ತಿಲ್ಲ ಕಣೋ, ಒಂದು ಟಾರ್ಚ್ ಕೊಡೋ." ಇಂಥ ಅವಕಾಶ ಜೀವನದಲ್ಲಿ ಪದೇಪದೇ ಬರುವುದಿಲ್ಲ. ಮಂಡಿಯೂರಿ ಕುಳಿತು, ಜಿಪ್ಪಿನ ಸಂದಿಗೆ ಬಾಯಿಟ್ಟು, ಆದಷ್ಟೂ ವಿನಯದಿಂದ ಹೇಳಿದೆ: "ಅಲ್ಲೇ ಸಿಗುತ್ತೆ ಬಿಡಿ ಭಾವ." ಒಳಗೆ ನಿಶ್ಶಬ್ದ. ಕೊನೆಗೆ ಮೇಣದಬತ್ತಿಯ ಚೂರನ್ನು ಜಿಪ್ಪಿಗೆ ಉಜ್ಜಿ, ಬಟ್ಟೆಯನ್ನು ಎಳೆಎಳೆಯಾಗಿ ಬಿಡಿಸಿ ಅವರನ್ನು ಹೊರತೆಗೆಯುವ ಹೊತ್ತಿಗೆ ಇಪ್ಪತ್ತು ನಿಮಿಷವಾಗಿರಬೇಕು. ಗಡಿಯಾರ ನಿಂತಿದ್ದರಿಂದ ಖಚಿತವಾಗಿ ಹೇಳಲಾರೆ.

ಅವರು ಹೋದ ಮೇಲೆ ಬೆನ್ನುಚೀಲ ತುಂಬಿ, ಹೊತ್ತುಕೊಂಡು ತೂಕದ ಯಂತ್ರದ ಮೇಲೆ ನಿಂತೆ. ನನ್ನ ತೂಕ ಕಳೆದರೆ ಚೀಲ 17 ಕಿಲೋ. ಮೈತೂಕದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಹೊರಬಾರದು ಎನ್ನುತ್ತಾರೆ, 65 ಕಿಲೋದ ನನಗೆ 13 ಆಯಿತು. ನಾಲ್ಕು ಕಿಲೋ ಇಳಿಸಲೇಬೇಕೆಂದು ಸಾಮಾನುಗಳನ್ನೆಲ್ಲ ನೆಲದ ಮೇಲೆ ಹರಡಿದೆ. ಎರಡನೆಯ ಚಾಪೆ, ಎರಡನೆಯ ಟಾರ್ಚು, ಎರಡನೆಯ ಉಣ್ಣೆ ಟೋಪಿ, ನನ್ನದಕ್ಕಿಂತ ಎರಡು ಅಳತೆ ದೊಡ್ಡದಾದ ಕಾಲುಚೀಲ. ಹೀಗೆ ಒಂದೊಂದನ್ನೇ ಪಕ್ಕಕ್ಕಿಡುತ್ತಿದ್ದಾಗ, ಇಷ್ಟು ವರ್ಷ ಭಾವ ಹೇಳುತ್ತಿದ್ದ "ಅಲ್ಲಿ" ಯಾವ ಜಾಗವೆಂದು ಹೊಳೆಯಿತು. ಅದು ಬೆಟ್ಟದ ಮೇಲಿಲ್ಲ, ನನ್ನ ಬೆನ್ನ ಮೇಲಿದೆ. ಅವರು ಸುಳ್ಳು ಹೇಳಿದ್ದೇ ಇಲ್ಲ. ಪ್ರತಿ ಸಲವೂ ಅವರಿಗೆ ಎಲ್ಲವೂ ಅಲ್ಲೇ ಸಿಕ್ಕಿದೆ.

ಸಿಟ್ಟಿನಲ್ಲಿ ಅವನ್ನೆಲ್ಲ ಕಪಾಟಿಗೆ ತುಂಬಿದ್ದೆ ಕೂಡ. ಆಮೇಲೆ, ಬೇಡವೆಂದರೂ, ನನ್ನ ಮೊದಲ ಚಾರಣ ನೆನಪಾಯಿತು. ಅಕ್ಕನ ಮದುವೆಯಾಗಿ ಆರು ತಿಂಗಳಾಗಿತ್ತು. 1000 ಮೀಟರ್ ಏರಿದರೆ ಆರೇಳು ಡಿಗ್ರಿ ತಣ್ಣಗಾಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದ ನಾನು, ತೆಳು ಅಂಗಿಯೊಂದನ್ನೇ ತೊಟ್ಟು ಹೊರಟಿದ್ದೆ. ರಾತ್ರಿ ಹಲ್ಲು ಕಟಕಟಿಸತೊಡಗಿದಾಗ ಭಾವ ತಮ್ಮ ಸ್ವೆಟರ್ ಬಿಚ್ಚಿ ನನ್ನ ಮೇಲೆ ಹಾಕಿ, ತಮಗೆ ಸೆಕೆಯೆಂದು ಹೇಳಿ, ಬೆಳಗಾಗುವವರೆಗೆ ಒಲೆಯ ಮುಂದೆ ಕೂತಿದ್ದರು. ನನಗೂ ಅವತ್ತು ಅದು ಅಲ್ಲೇ ಸಿಕ್ಕಿತ್ತು.

ಕಾಲುಚೀಲ, ಟೋಪಿ, ಚಾಪೆ, ಟಾರ್ಚು ಎಲ್ಲವನ್ನೂ ಮತ್ತೆ ಚೀಲಕ್ಕೆ ತುರುಕಿ, ನನ್ನದೇ ಒಂದು ದಿಂಬು, ಒಂದು ಪುಸ್ತಕ ಮತ್ತು ಬೈನಾಕ್ಯುಲರ್ ತೆಗೆದಿಟ್ಟೆ. ತೂಕ 15 ಕಿಲೋಗೆ ಇಳಿಯಿತು. ಉಳಿದ ಎರಡು ಕಿಲೋವನ್ನು ದಾರಿಯಲ್ಲಿ ಅವರ ಚೀಲಕ್ಕೆ ದಾಟಿಸಿದರಾಯಿತೆಂದು ಸಮಾಧಾನ ಮಾಡಿಕೊಂಡು ದೀಪ ಆರಿಸುವ ಹೊತ್ತಿಗೆ ಫೋನಿನಲ್ಲಿ ಭಾವನ ಸಂದೇಶ ಬಂತು:

"ಬೆನ್ನಿಗೆ ಹಾಕೋ ಚೀಲ ನಿನ್ನ ಹತ್ರ ಇನ್ನೊಂದು ಇದೆಯಾ?"